ಆಟಿಸಂ ಇರುವ ವಿದ್ಯಾರ್ಥಿಯ ಮೊಬೈಲನ್ನು ಶಾಲೆ ಕಸಿದುಕೊಳ್ಳದಿರಲಿ

ಮಾನ್ಯ ಸಂಪಾದಕರೇ,

ಶಾಲೆಗಳಲ್ಲಿ ಮೊಬೈಲ್ ಬಳಕೆಯನ್ನು ಪೂರ್ತಿಯಾಗಿ ನಿಷೇಧಿಸಬೇಕೆಂಬ ಮಾತು ಪಾಲಕರ ಸಭೆಗಳಲ್ಲಿಯೂ ಪತ್ರಿಕೆಗಳ ಅಂಕಣಗಳಲ್ಲಿಯೂ ಮತ್ತೆ ಮತ್ತೆ ಕೇಳಿಬರುತ್ತಿದೆ. ಆ ಮಾತಿಗೆ ನನ್ನ ವಿರೋಧವಿಲ್ಲ. ಹದಿಮೂರರಿಂದ ಹದಿನಾರು ವಯಸ್ಸಿನ ಮಕ್ಕಳ ಕೈಯಲ್ಲಿ ತರಗತಿಯ ಹೊತ್ತಿಗೆ ಮೊಬೈಲ್ ಇದ್ದರೆ ಪಾಠ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸರಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ದಿನವೂ ನೋಡುತ್ತೇನೆ. ಆದರೆ ಈ ನಿಷೇಧವನ್ನು ಯಾವ ವಿಚಾರಣೆಯೂ ಇಲ್ಲದೆ ಎಲ್ಲ ಮಕ್ಕಳಿಗೂ ಒಂದೇ ರೀತಿ ಅನ್ವಯಿಸಿದಾಗ, ಆಟಿಸಂ (ಸ್ವಲೀನತೆ) ಇರುವ ಕೆಲವೇ ಕೆಲವು ವಿದ್ಯಾರ್ಥಿಗಳಿಗೆ ಶಾಲೆಯೇ ಕೈತಪ್ಪಿಹೋಗುತ್ತದೆ. ನಮ್ಮ ಭಾಗದ ಶಾಲೆಗಳು ಈ ವಿಷಯವನ್ನು ಗಂಭೀರವಾಗಿ ಪರಿಗಣಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಆಟಿಸಂ ಎಂಬುದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ, ಹುಟ್ಟಿನಿಂದಲೇ ಬರುವ ಭಿನ್ನತೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಇದನ್ನು ವಿವರವಾಗಿ ದಾಖಲಿಸಿದರು. ಅಂತಹ ಮಕ್ಕಳಲ್ಲಿ ಕೆಲವರು ನಿರರ್ಗಳವಾಗಿ ಮಾತನಾಡುತ್ತಾರೆ, ಕೆಲವರು ನಾಲ್ಕಾರು ಶಬ್ದಗಳಿಗೆ ನಿಲ್ಲುತ್ತಾರೆ, ಕೆಲವರು ಮಾತನ್ನೇ ಆಡುವುದಿಲ್ಲ. ಇಷ್ಟೊಂದು ವ್ಯತ್ಯಾಸಗಳಿದ್ದರೂ ಬಹುಮಟ್ಟಿಗೆ ಎಲ್ಲರಲ್ಲೂ ಕಾಣುವ ಒಂದು ಕಷ್ಟವೆಂದರೆ, ಮುಂದೆ ಏನಾಗಲಿದೆ ಎಂಬುದು ತಿಳಿಯದಿದ್ದಾಗ ಉಂಟಾಗುವ ತೀವ್ರ ತಳಮಳ. ಸದ್ದು, ಬೆಳಕು, ವಾಸನೆ, ಸ್ಪರ್ಶಗಳು ಉಳಿದವರಿಗಿಂತ ಹೆಚ್ಚಾಗಿ ತಟ್ಟುವುದು ಹಲವರಲ್ಲಿ ಇದರೊಂದಿಗೆ ಸೇರಿಕೊಳ್ಳುತ್ತದೆ. ಬಾಯಿಮಾತಿನಲ್ಲಿ ಹೇಳಿದ್ದು ಕ್ಷಣದಲ್ಲಿ ಕರಗಿಹೋಗುತ್ತದೆ, ಕಣ್ಣಿಗೆ ಕಾಣುವಂತೆ ಇಟ್ಟದ್ದು ಉಳಿಯುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದವರು 1970ರ ದಶಕದಿಂದಲೇ ಚಿತ್ರಗಳ ದಿನಚರಿ ಪಟ್ಟಿಯನ್ನು ಬಳಸಿ ಇಂಥ ಮಕ್ಕಳಿಗೆ ಕಲಿಸುತ್ತ ಬಂದದ್ದು ಈ ತಿಳಿವಳಿಕೆಯ ಮೇಲೆಯೇ. ಮೊಬೈಲ್ ಆ್ಯಪ್‌ಗಳು ಹೊಸದಾಗಿ ಏನನ್ನೂ ಕಂಡುಹಿಡಿದಿಲ್ಲ. ರಟ್ಟಿನ ಮೇಲೆ ಅಂಟಿಸುತ್ತಿದ್ದ ಚಿತ್ರಗಳನ್ನೇ ಜೇಬಿನಲ್ಲಿ ಒಯ್ಯುವಂತೆ ಮಾಡಿವೆ, ಅವುಗಳಿಗೆ ಧ್ವನಿ ಕೊಟ್ಟಿವೆ.

ಪ್ರಾಥಮಿಕ ಶಾಲೆಯಲ್ಲಿ ಹೇಗೋ ಹೊಂದಿಕೊಂಡ ಮಗು ಎಂಟನೆಯ ತರಗತಿಗೆ ಬಂದ ಕೂಡಲೇ ತತ್ತರಿಸುವುದನ್ನು ನನ್ನ ಸಹೋದ್ಯೋಗಿಗಳು ಅನೇಕರು ಗಮನಿಸಿರಬಹುದು. ಅಲ್ಲಿ ಒಬ್ಬರೋ ಇಬ್ಬರೋ ಶಿಕ್ಷಕರು ಇಡೀ ದಿನ ಜೊತೆಗಿರುತ್ತಿದ್ದರು, ಮಗುವಿನ ಮುಖ ನೋಡಿಯೇ ಅದರ ಸ್ಥಿತಿ ತಿಳಿಯುತ್ತಿದ್ದರು. ಇಲ್ಲಿ ಪ್ರತಿ ಮುಕ್ಕಾಲು ತಾಸಿಗೆ ಗಂಟೆ ಬಾರಿಸುತ್ತದೆ, ಶಿಕ್ಷಕರು ಬದಲಾಗುತ್ತಾರೆ, ಅವರ ಧ್ವನಿ, ಶಿಸ್ತು, ನಿರೀಕ್ಷೆ ಎಲ್ಲವೂ ಬದಲಾಗುತ್ತವೆ. ಒಬ್ಬರು ರಜೆ ಹಾಕಿದರೆ ಆ ಅವಧಿಗೆ ಮತ್ತೊಬ್ಬರು ಬರುತ್ತಾರೆ. ಶನಿವಾರ ಬೆಳಗಿನ ಶಾಲೆ. ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಕಿರುಪರೀಕ್ಷೆಗಳ ದಿನ ವೇಳಾಪಟ್ಟಿಯೇ ಇರುವುದಿಲ್ಲ. ಉಳಿದ ಮಕ್ಕಳಿಗೆ ಇದು ಖುಷಿಯ ವಿಷಯ, ಆಟಿಸಂ ಇರುವ ಮಗುವಿಗೆ ಕಾಲ ಕೆಳಗಿನ ನೆಲ ಜಾರಿದ ಅನುಭವ.

ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿಯ ಉದಾಹರಣೆಯನ್ನು, ಅವನ ಪಾಲಕರ ಒಪ್ಪಿಗೆ ಪಡೆದು, ಇಲ್ಲಿ ಕೊಡುತ್ತಿದ್ದೇನೆ. ಅವನದು ನೇಕಾರರ ಮನೆ. ಗೋಡೆಯ ಆಚೆ ಹಗಲು ರಾತ್ರಿ ವಿದ್ಯುತ್ ಮಗ್ಗದ ಸಪ್ಪಳ. ಆ ಸಪ್ಪಳದಲ್ಲಿ ಅವನು ನಿರಾಳವಾಗಿ ಓದುತ್ತಾನೆ, ನಿದ್ದೆ ಮಾಡುತ್ತಾನೆ. ಏಕೆಂದರೆ ಅದು ಒಂದೇ ಸಮನೆ ನಡೆಯುವ, ನಂಬಬಹುದಾದ ಸದ್ದು. ಆದರೆ ಶಾಲೆಯ ಗಂಟೆ ಇದ್ದಕ್ಕಿದ್ದಂತೆ ಬಾರಿಸಿದರೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರಿಬಿಡುತ್ತಿದ್ದ. ಹಿಂದೆ ಓದುತ್ತಿದ್ದ ಶಾಲೆಯಲ್ಲಿ ಇದನ್ನು ಹಟಮಾರಿತನವೆಂದು ಬಗೆದು, ಅವನ ಅಕ್ಕ ಸಿದ್ಧಪಡಿಸಿ ಕೊಟ್ಟಿದ್ದ ಮೊಬೈಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಮೊಬೈಲ್ ಬೇಕೇಬೇಕು ಎನ್ನುವುದಾದರೆ ಟಿ.ಸಿ. ಒಯ್ಯಿರಿ ಎಂದು ತಂದೆಗೆ ಹೇಳಿದ್ದರು.

ಆ ಮೊಬೈಲಿನಲ್ಲಿ ಇರುವುದಾದರೂ ಏನು? ಅದು ಸಿಮ್ ಇಲ್ಲದ, ಅಕ್ಕ ಬಳಸಿ ಬಿಟ್ಟ ಹಳೆಯ ಫೋನ್. ತೆರೆದರೆ ಆ ದಿನದ ಅವಧಿಗಳು ಚಿತ್ರಗಳಾಗಿ ಮೇಲಿನಿಂದ ಕೆಳಕ್ಕೆ ಸಾಲಾಗಿ ನಿಂತಿರುತ್ತವೆ: ಪ್ರಾರ್ಥನೆಯ ಅಂಗಳ, ಗಣಿತದ ಸರ್ ಮುಖ ಹಾಗೂ ಗಣಿತ ಪುಸ್ತಕದ ಹೊದಿಕೆ, ನಂತರ ನನ್ನ ಮುಖ ಹಾಗೂ ಪ್ರಯೋಗಾಲಯದ ಬಾಗಿಲು, ಬಿಸಿಯೂಟದ ತಾಟು, ಹೀಗೆ ಸಂಜೆ ಮನೆಯ ಬಾಗಿಲಿನವರೆಗೆ. ಅವಧಿ ಮುಗಿದ ಕೂಡಲೇ ಅವನು ಬೆರಳಿನಿಂದ ಆ ಚಿತ್ರವನ್ನು ಬದಿಗೆ ಸರಿಸುತ್ತಾನೆ. ಶಿಕ್ಷಕರು ಬಾರದ ದಿನಕ್ಕೆಂದೇ ಹಳದಿ ಬಣ್ಣದ ಒಂದು ಚೌಕವಿದೆ. ಬೆಳಿಗ್ಗೆ ಬಂದ ಕೂಡಲೇ ನಾವು ಅದನ್ನು ಆ ಶಿಕ್ಷಕರ ಚಿತ್ರದ ಜಾಗದಲ್ಲಿ ಇಟ್ಟು, ಬದಲಿಗೆ ಯಾರು ಬರುತ್ತಾರೆಂದು ತೋರಿಸಿಬಿಡುತ್ತೇವೆ. ಪರದೆಯ ಮೂಲೆಯಲ್ಲಿ ಕೆಂಪು ವೃತ್ತವೊಂದು ಅವಧಿ ಕಳೆದಂತೆ ಕಿರಿದಾಗುತ್ತ ಹೋಗುತ್ತದೆ. ಅದು ತೆಳ್ಳಗಿನ ಚೂರಾದಾಗ ಹುಡುಗ ತಾನಾಗಿಯೇ ಪೆನ್ನು ಕೆಳಗಿಟ್ಟು ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಾನೆ, ಗಂಟೆ ಬಾರಿಸುತ್ತದೆ, ಕೈ ತೆಗೆಯುತ್ತಾನೆ, ಮುಂದಿನ ಪುಸ್ತಕ ತೆರೆಯುತ್ತಾನೆ. ಈಗ ಅವನು ಬೆಂಚಿನ ಕೆಳಗೆ ಸೇರುವುದು ತೀರ ಅಪರೂಪ.

ಇಷ್ಟಕ್ಕೆ ಇಂಟರ್ನೆಟ್ ಬೇಡ, ದುಬಾರಿ ಆ್ಯಪ್ ಬೇಡ. ಆಂಡ್ರಾಯ್ಡ್ ಫೋನುಗಳಲ್ಲಿ ಒಂದೇ ಆ್ಯಪ್ ಪರದೆಯ ಮೇಲೆ ನಿಲ್ಲುವಂತೆ ಪಿನ್ ಮಾಡಿ ಬೀಗ ಹಾಕುವ ವ್ಯವಸ್ಥೆ ವರ್ಷಗಳಿಂದ ಇದೆ. ಹಾಗೆ ಮಾಡಿದರೆ ಮಗು ಆಟಕ್ಕೋ ವಿಡಿಯೊಗೋ ಹೊರಳುವಂತಿಲ್ಲ. ಮಗುವನ್ನು ಸುಮ್ಮನೆ ಕೂರಿಸಲು ವಿಡಿಯೊ ಹಚ್ಚಿಕೊಡುವುದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲವೆಂಬುದನ್ನು ಮುಖ್ಯಶಿಕ್ಷಕರಿಗೆ ಮನವರಿಕೆ ಮಾಡಿಕೊಡುವುದೇ ನಮಗೆ ದೊಡ್ಡ ಕೆಲಸವಾಗಿತ್ತು.

ಮಾತು ಬಾರದ ಮಕ್ಕಳ ವಿಷಯದಲ್ಲಿ ಆ್ಯಪ್‌ನ ಅಗತ್ಯ ಇನ್ನೂ ಹೆಚ್ಚು. ಚಿತ್ರವನ್ನು ಮುಟ್ಟಿದರೆ ಮಗುವಿನ ಪರವಾಗಿ ಮಾತನಾಡುವ ಆ್ಯಪ್‌ಗಳು ನಮ್ಮ ದೇಶದಲ್ಲಿಯೇ ತಯಾರಾಗಿವೆ. ಚೆನ್ನೈನಲ್ಲಿ ರೂಪುಗೊಂಡ ‘ಆವಾಜ್’, ಐಐಟಿ ಬಾಂಬೆಯ ವಿನ್ಯಾಸ ವಿಭಾಗದವರು ಅಭಿವೃದ್ಧಿಪಡಿಸಿ ಉಚಿತವಾಗಿ ಕೊಡುತ್ತಿರುವ ‘ಜೆಲ್ಲೋ’ ಇವು ಬಳಕೆಯಲ್ಲಿರುವ ಹೆಸರುಗಳು. ಇವುಗಳನ್ನು ಕೊಟ್ಟರೆ ಮಗು ಮಾತು ಕಲಿಯುವುದನ್ನೇ ಬಿಟ್ಟುಬಿಡುತ್ತದೆ ಎಂಬ ಭಯ ನಮ್ಮ ತಾಯಂದಿರಲ್ಲಿ ಬೇರೂರಿದೆ. ದಶಕಗಳಿಂದ ನಡೆದಿರುವ ಸಂಶೋಧನೆಗಳು ಇದಕ್ಕೆ ಆಧಾರವಿಲ್ಲವೆಂದು ತೋರಿಸಿವೆ. ಚಿತ್ರ ಅಥವಾ ಯಂತ್ರದ ನೆರವು ಪಡೆದ ಮಕ್ಕಳ ಮಾತು ಕುಂಠಿತವಾಗುವುದಿಲ್ಲ, ಹಲವರಲ್ಲಿ ತುಸು ಹೆಚ್ಚುತ್ತದೆ. ನನಗೆ ಪರಿಚಯವಿರುವ ಹತ್ತಿರದ ಶಾಲೆಯ ವಿದ್ಯಾರ್ಥಿನಿಯೊಬ್ಬಳು ಹಾಜರಿ ಕೂಗಿದಾಗ ಗುಂಡಿ ಒತ್ತುತ್ತಾಳೆ, ಅವಳ ಚಿಕ್ಕಮ್ಮನ ಧ್ವನಿಯಲ್ಲಿ “ಹಾಜರ್ ರೀ ಟೀಚರ್” ಎಂಬ ಉತ್ತರ ಬರುತ್ತದೆ. ಅವಳು ಅತಿ ಹೆಚ್ಚು ಬಳಸುವ ಗುಂಡಿ ಮಾತ್ರ ಬೇರೆ: “ಗದ್ದಲ ಬಾಳ ಆಗೇದ, ಹೊರಗ ಹೋಗ್ತೇನಿ.” ಆ ಗುಂಡಿ ಇಲ್ಲದ ದಿನಗಳಲ್ಲಿ ಅವಳು ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುತ್ತಿದ್ದಳು. ಕಚ್ಚಿಕೊಂಡ ಗುರುತುಗಳು ಮಣಿಕಟ್ಟಿನ ಮೇಲೆ ಈಗಲೂ ಇವೆ.

ಪ್ರೌಢಶಾಲೆಯ ವಯಸ್ಸಿನ ಇನ್ನೊಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಹೆಣ್ಣುಮಕ್ಕಳ ಮುಟ್ಟು, ಗಂಡುಮಕ್ಕಳ ಧ್ವನಿ ಹಾಗೂ ದೇಹದ ಬದಲಾವಣೆ, ಎಲ್ಲರೆದುರು ಮಾಡಬಹುದಾದದ್ದು ಯಾವುದು, ಬಾಗಿಲು ಹಾಕಿಕೊಂಡು ಮಾಡಬೇಕಾದದ್ದು ಯಾವುದು, ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂಬುದನ್ನು ಉಳಿದ ಮಕ್ಕಳು ಗೆಳೆಯರಿಂದಲೋ ಅಕ್ಕಂದಿರಿಂದಲೋ ಅರೆಬರೆಯಾಗಿಯಾದರೂ ತಿಳಿದುಕೊಳ್ಳುತ್ತಾರೆ. ಆಟಿಸಂ ಇರುವ ಮಕ್ಕಳಿಗೆ ಹಾಗೆ ತಾನಾಗಿ ತಿಳಿಯುವುದಿಲ್ಲ, ಹಂತ ಹಂತವಾಗಿ, ನೇರವಾದ ಮಾತಿನಲ್ಲಿ ಹೇಳಬೇಕು. 1990ರ ದಶಕದ ಆರಂಭದಲ್ಲಿ ಕೆರೊಲ್ ಗ್ರೇ ಎಂಬ ಶಿಕ್ಷಕಿ ರೂಪಿಸಿದ ‘ಸಾಮಾಜಿಕ ಕಥೆ’ಗಳ ವಿಧಾನ ಇದಕ್ಕೆ ಹೇಳಿ ಮಾಡಿಸಿದಂತಿದೆ: ಮಗುವಿನ ಹೆಸರಿನಲ್ಲಿಯೇ, ಅದರ ಶಾಲೆಯ ಚಿತ್ರಗಳೊಂದಿಗೆ, ಸಣ್ಣ ಸಣ್ಣ ವಾಕ್ಯಗಳ ಕಥೆ. ಆ ವಿದ್ಯಾರ್ಥಿನಿಯ ಮೊಬೈಲಿನಲ್ಲಿ ಶಾಲೆಯ ಶೌಚಾಲಯದ ಬಾಗಿಲಿನಿಂದ ಆರಂಭಿಸಿ, ಪ್ಯಾಡ್ ಬದಲಿಸಿ, ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿ ಕೈತೊಳೆಯುವವರೆಗೆ ಗೊಂಬೆಚಿತ್ರಗಳ ಒಂದು ಸಾಲನ್ನು ಅವಳ ತಾಯಿ ಹಾಗೂ ಶಿಕ್ಷಕಿ ಸೇರಿ ಮಾಡಿಟ್ಟಿದ್ದಾರೆ. ಮುಟ್ಟಿನ ದಿನಗಳಲ್ಲಿ ಶಾಲೆ ತಪ್ಪಿಸುವುದು ಅದರಿಂದ ನಿಂತಿದೆ. ದೊಡ್ಡವಳಾದ ಕೂಡಲೇ ಇಂಥ ಹುಡುಗಿಯನ್ನು ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇರುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಕಾನೂನು ಈ ಮಕ್ಕಳ ಪರವಾಗಿಯೇ ಇದೆ. ವಿಕಲಚೇತನರ ಹಕ್ಕುಗಳ ಕಾಯ್ದೆ–2016 ಒಟ್ಟು 21 ಬಗೆಯ ವೈಕಲ್ಯಗಳನ್ನು ಗುರುತಿಸಿದ್ದು ಅವುಗಳಲ್ಲಿ ಆಟಿಸಂ ಒಂದು. ಮಾತಿನ, ಸಂವಹನದ ತೊಂದರೆ ಇರುವವರಿಗೆ ಮಾತಿಗೆ ಪೂರಕವಾದ ಬದಲಿ ವಿಧಾನಗಳ ಬಳಕೆಯನ್ನು ಪ್ರೋತ್ಸಾಹಿಸುವುದು ಸರಕಾರದ ಹೊಣೆಯೆಂದು ಅದರ 17ನೆಯ ಕಲಂ ಹೇಳುತ್ತದೆ. ಅದಕ್ಕಿಂತ ಸ್ಪಷ್ಟವಾದದ್ದು ಕೇಂದ್ರದ ದಿವ್ಯಾಂಗಜನ ಸಬಲೀಕರಣ ಇಲಾಖೆ 2018ರ ಆಗಸ್ಟ್‌ನಲ್ಲಿ ಲಿಖಿತ ಪರೀಕ್ಷೆಗಳಿಗಾಗಿ ಹೊರಡಿಸಿದ ಮಾರ್ಗಸೂಚಿ. ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು ಎಂದು ಹೇಳಿದ ಅದೇ ಮಾರ್ಗಸೂಚಿ, ಸಂವಹನ ಫಲಕ ಹಾಗೂ ಎಲೆಕ್ಟ್ರಾನಿಕ್ ಉಪಕರಣಗಳನ್ನು ಪರೀಕ್ಷಾ ಕೊಠಡಿಯಲ್ಲಿ ಬಳಸಲು ಬಿಡಬೇಕು ಎಂದೂ ಹೇಳಿತ್ತು. ಪರೀಕ್ಷೆಯಂಥ ಪರೀಕ್ಷೆಗೇ ಒಪ್ಪಿಗೆ ಸಿಕ್ಕ ಉಪಕರಣವನ್ನು ದಿನನಿತ್ಯದ ತರಗತಿಯ ಬಾಗಿಲಲ್ಲಿ ಕಿತ್ತಿಟ್ಟುಕೊಳ್ಳುವುದು ಯಾವ ನ್ಯಾಯ? ದೃಷ್ಟಿದೋಷದ ಮಗುವಿನ ಕನ್ನಡಕವನ್ನು ತೆಗೆದಿಟ್ಟು ಹಲಗೆಯ ಮೇಲಿನದನ್ನು ಓದು ಎಂದು ಯಾವ ಶಿಕ್ಷಕರೂ ಹೇಳುವುದಿಲ್ಲ.

ಹಾಗೆಂದು ಆ್ಯಪ್ ಹಾಕಿಕೊಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆ್ಯಪ್ ತಾನಾಗಿ ಏನನ್ನೂ ಮಾಡುವುದಿಲ್ಲ. ಈ ಮಗುವಿಗೆ ಏನು ಬೇಕೆಂದು ಬಲ್ಲವರು ಅದನ್ನು ಸಿದ್ಧಪಡಿಸಬೇಕು, ವಾರಕ್ಕೊಮ್ಮೆ ತಿದ್ದಬೇಕು, ತರಗತಿಯ ಎಲ್ಲ ಶಿಕ್ಷಕರೂ ಅದನ್ನು ಒಂದೇ ರೀತಿ ಬಳಸಬೇಕು. ಒಬ್ಬರು ಒಪ್ಪಿ ಮತ್ತೊಬ್ಬರು ಕಸಿದುಕೊಂಡರೆ ಮಗುವಿಗೆ ಮೊದಲಿಗಿಂತ ಹೆಚ್ಚು ಗೊಂದಲ. ಇಲ್ಲಿಯೇ ನಮ್ಮ ವ್ಯವಸ್ಥೆ ಸೋಲುತ್ತಿದೆ. ಸರಕಾರದ ಶಾಲಾ ಯೋಜನೆಯಾದ ಸಮಗ್ರ ಶಿಕ್ಷಣದ ಅಡಿಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಕೆಲಸ ಮಾಡುವ ಬಿ.ಐ.ಇ.ಆರ್.ಟಿ. ಸಂಪನ್ಮೂಲ ಶಿಕ್ಷಕರು ತಾಲ್ಲೂಕಿಗೆ ಬೆರಳೆಣಿಕೆಯಷ್ಟು. ಅವರು ಊರೂರು ಸುತ್ತಿ, ಗೃಹಾಧಾರಿತ ಶಿಕ್ಷಣದ ಮಕ್ಕಳನ್ನೂ ನೋಡಿ, ವೈದ್ಯಕೀಯ ಶಿಬಿರಗಳನ್ನೂ ನಡೆಸಿ, ಒಂದು ಶಾಲೆಗೆ ಮತ್ತೆ ಬರುವ ಹೊತ್ತಿಗೆ ಮಗು ಮುಂದಿನ ತರಗತಿಗೆ ಹೋಗಿರುತ್ತದೆ. ಅವರ ದುಡಿಮೆಯ ಬಗ್ಗೆ ನನಗೆ ಅಪಾರ ಗೌರವವಿದೆ. ವಿಶೇಷ ಅಗತ್ಯವುಳ್ಳ ಪ್ರಾಥಮಿಕ ಹಂತದ 10 ಮಕ್ಕಳಿಗೆ, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕೆಂಬ ಪ್ರಮಾಣವನ್ನು ಸುಪ್ರೀಂ ಕೋರ್ಟ್ 2021ರಲ್ಲಿಯೇ ಎತ್ತಿಹಿಡಿದಿದೆ. ಆ ಹುದ್ದೆಗಳು ಭರ್ತಿಯಾಗುವವರೆಗೆ ಯಾವ ಆ್ಯಪ್ ಇದ್ದರೂ ಅದು ಅರ್ಧ ಕೆಲಸವೇ.

ಕೇಂದ್ರದ ಶೈಕ್ಷಣಿಕ ಸಂಶೋಧನಾ ಸಂಸ್ಥೆಯಾದ ಎನ್‌ಸಿಇಆರ್‌ಟಿ 2022ರಲ್ಲಿ ‘ಪ್ರಶಸ್ತ್’ ಎಂಬ ಆ್ಯಪ್ ತಂದಿದೆ. ತರಗತಿಯ ಶಿಕ್ಷಕರು ಪ್ರಶ್ನಾವಳಿ ತುಂಬಿ, ವೈಕಲ್ಯದ ಲಕ್ಷಣವಿರಬಹುದಾದ ಮಕ್ಕಳನ್ನು ಮೊದಲ ಹಂತದಲ್ಲಿ ಗುರುತಿಸಲು ಅದು ನೆರವಾಗುತ್ತದೆ. ಒಳ್ಳೆಯ ಹೆಜ್ಜೆಯೇ, ನಮ್ಮ ಭಾಗದಲ್ಲಿ ಬುದ್ಧಿಮಾಂದ್ಯ ಎಂಬ ಒಂದೇ ಹಣೆಪಟ್ಟಿಯಡಿ ಕಳೆದುಹೋಗಿದ್ದ ಎಷ್ಟೋ ಮಕ್ಕಳು ಇದರಿಂದ ಬೆಳಕಿಗೆ ಬರಬಹುದು. ಆದರೆ ಗುರುತಿಸಿದ ಮೇಲೆ ಮುಂದೇನು? ಖಚಿತ ತಪಾಸಣೆಗೆ ಜಿಲ್ಲಾ ಆಸ್ಪತ್ರೆ, ಅಲ್ಲಿಂದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಇನ್ನೂ ಮುಂದೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಅಥವಾ ಬೆಂಗಳೂರಿನ ನಿಮ್ಹಾನ್ಸ್. ಮಗ್ಗ ನಿಲ್ಲಿಸಿದರೆ ಅಂದಿನ ಕೂಲಿಯೂ ನಿಲ್ಲುವ ಮನೆಯವರಿಗೆ, ಕಬ್ಬು ಕಡಿಯಲು ಊರೂರು ಅಲೆಯುವವರಿಗೆ ಇಷ್ಟು ದೂರ ಪದೇ ಪದೇ ಹೋಗಿಬರುವುದು ಆಗದ ಮಾತು. ಎಣಿಸಲು ಆ್ಯಪ್ ಸಿಕ್ಕಿದೆ, ಎಣಿಸಿದ ಮಗುವಿಗೆ ದಿನವೂ ಆಸರೆಯಾಗುವ ಆ್ಯಪ್ ಕನ್ನಡದಲ್ಲಿ ಇಲಾಖೆಯಿಂದಲೇ ಸಿಗಬೇಕು.

ಕನ್ನಡದಲ್ಲಿ ಎಂದರೆ ಇಂಗ್ಲಿಷ್ ಆ್ಯಪ್‌ನ ಗುಂಡಿಗಳ ಮೇಲೆ ಕನ್ನಡ ಅಕ್ಷರ ಅಂಟಿಸುವುದಲ್ಲ. ಊಟದ ಪುಟ ತೆರೆದರೆ ಬ್ರೆಡ್, ಪಾಸ್ತಾ, ಸೂಪು ಕಾಣುವ ಆ್ಯಪ್‌ನಿಂದ ಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ ಉಣ್ಣುವ ಮಗು ಏನನ್ನು ಕೇಳೀತು? ಬಸ್ಸು ಎಂದರೆ ನಮ್ಮ ವಾಯವ್ಯ ಸಾರಿಗೆಯ ಬಸ್ಸಿನ ಚಿತ್ರವಿರಬೇಕು, ಸಮವಸ್ತ್ರ ಎಂದರೆ ನಮ್ಮ ಶಾಲೆಯದಿರಬೇಕು. ಮನೆಯಲ್ಲಿ ಉರ್ದು ಅಥವಾ ಮರಾಠಿ, ಶಾಲೆಯಲ್ಲಿ ಕನ್ನಡ ಇರುವ ಮಕ್ಕಳು ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಸಾಕಷ್ಟಿದ್ದಾರೆ. ಅವರಿಗೆ ಎರಡೂ ಧ್ವನಿಗಳು ಬೇಕು. ಸ್ಪೇನ್ ದೇಶದ ಆರಗಾನ್ ಪ್ರಾಂತ್ಯದ ಸರಕಾರ ಇಂಥ ಸಂವಹನಕ್ಕೆಂದೇ ಸಾವಿರಾರು ಚಿತ್ರಗಳನ್ನು ಬರೆಸಿ ಜಗತ್ತಿಗೆಲ್ಲ ಉಚಿತವಾಗಿ ಕೊಟ್ಟಿದೆ. ನಮ್ಮ ಡಯಟ್‌ಗಳು (ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಗಳು), ಚಿತ್ರಕಲಾ ಶಿಕ್ಷಕರು, ವಾಕ್ ತಜ್ಞರು ಕೂಡಿದರೆ ಉತ್ತರ ಕರ್ನಾಟಕದ ಮಕ್ಕಳ ದಿನಚರಿಗೆ ಒಪ್ಪುವ ಚಿತ್ರಕೋಶವನ್ನು ಮಾಡುವುದು ಅಸಾಧ್ಯವೇನಲ್ಲ. ಹಣದ ಮಾತು ಬಂದರೆ, ಸಮಗ್ರ ಶಿಕ್ಷಣದಲ್ಲಿ ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಅವಕಾಶವಿದೆ. ಅದರಲ್ಲಿ ಒಂದಂಶವನ್ನು ಇದಕ್ಕೆ ಮೀಸಲಿಡಬಹುದು.

ಪಾಲಕರಿಗೂ ಎರಡು ಮಾತು. ಆಟಿಸಂ ‘ಗುಣಪಡಿಸುತ್ತೇವೆ’ ಎಂದು ಹಣ ಕೇಳುವ ಆ್ಯಪ್‌ಗಳಿಂದ ದಯವಿಟ್ಟು ದೂರವಿರಿ. ಆಟಿಸಂ ಗುಣಪಡಿಸುವ ಆ್ಯಪ್ ಆಗಲಿ ಔಷಧಿಯಾಗಲಿ ಇಲ್ಲ. ಮಗುವಿನ ಫೋಟೊ, ವಿಡಿಯೊ, ವೈದ್ಯಕೀಯ ವಿವರಗಳನ್ನು ಕೇಳುವ ಆ್ಯಪ್‌ಗಳ ಬಗ್ಗೆಯೂ ಎಚ್ಚರ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟರೊಳಗಿನ ಮಕ್ಕಳ ಮಾಹಿತಿಗೆ ಪಾಲಕರ ಒಪ್ಪಿಗೆಯನ್ನು ಕಡ್ಡಾಯ ಮಾಡಿದೆ. ಇನ್ನು, ಮೊಬೈಲಿನಲ್ಲಿರುವ ವೇಳಾಪಟ್ಟಿಯ, ಮುಖ್ಯ ಗುಂಡಿಗಳ ಒಂದು ಪ್ರತಿಯನ್ನು ಕಾಗದದಲ್ಲಿ ತೆಗೆಸಿ ಲ್ಯಾಮಿನೇಷನ್ ಮಾಡಿಸಿ ಚೀಲದಲ್ಲಿ ಇಡಿ. ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ, ಚಾರ್ಜ್ ಯಾವಾಗ ಮುಗಿಯುತ್ತದೆ ಹೇಳಲಾಗದು, ಮುಂದೆ ಎಸ್ಸೆಸ್ಸೆಲ್ಸಿ ಕೊಠಡಿಯಲ್ಲಿ ಕೂರುವಾಗಲೂ ಅದು ಕೈಹಿಡಿಯುತ್ತದೆ.

ಶಿಕ್ಷಣ ಇಲಾಖೆಯಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಶಾಲೆಗಳಲ್ಲಿ ಮೊಬೈಲ್ ನಿರ್ಬಂಧಿಸುವ ಯಾವುದೇ ಸುತ್ತೋಲೆ ಹೊರಡಿಸಿದರೂ, ಮಗುವಿನ ಅಗತ್ಯಕ್ಕೆ ತಕ್ಕಂತೆ ಬರೆದ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ ನಮೂದಾಗಿರುವ ಸಂವಹನ ಅಥವಾ ದಿನಚರಿಯ ಉಪಕರಣಕ್ಕೆ ಅದು ಅನ್ವಯಿಸುವುದಿಲ್ಲವೆಂಬ ಒಂದು ಸಾಲನ್ನು ಅದರಲ್ಲಿ ಸೇರಿಸಬೇಕು. ಎಂಟನೆಯ ತರಗತಿಗೆ ಪ್ರವೇಶ ಪಡೆಯುವ ಇಂಥ ಮಕ್ಕಳ ಪಟ್ಟಿಯನ್ನು ಪ್ರಾಥಮಿಕ ಶಾಲೆಯಿಂದ ಏಪ್ರಿಲ್‌ನಲ್ಲಿಯೇ ತರಿಸಿಕೊಂಡು, ಬೇಸಿಗೆ ರಜೆಯಲ್ಲಿ ಹೊಸ ಶಾಲೆಯ ಕೊಠಡಿ, ಶಿಕ್ಷಕರು, ಶೌಚಾಲಯ, ನೀರಿನ ತೊಟ್ಟಿಯ ಚಿತ್ರಗಳನ್ನು ಆ ಮಗುವಿನ ಮೊಬೈಲಿಗೆ ಹಾಕಿಕೊಡಲು ಮುಖ್ಯಶಿಕ್ಷಕರಿಗೆ ಸೂಚಿಸಬೇಕು. ಡಿಡಿಪಿಐ ಹಾಗೂ ಬಿಇಒ ಅವರು ಮನಸ್ಸು ಮಾಡಿದರೆ ಬರುವ ಜೂನ್‌ಗೆ ಮುಂಚೆಯೇ ಇದು ಆಗುವ ಕೆಲಸ. ಪಾಲಕರು ಯು.ಡಿ.ಐ.ಡಿ. (ವೈಕಲ್ಯದ ಗುರುತಿನ) ಕಾರ್ಡಿನ ಪ್ರತಿ ಹಾಗೂ ಒಂದು ಲಿಖಿತ ಅರ್ಜಿಯೊಂದಿಗೆ ಮುಖ್ಯಶಿಕ್ಷಕರನ್ನು ಈಗಲೇ ಕಾಣಲಿ, ಅರ್ಜಿ ಸ್ವೀಕರಿಸಿದ್ದಕ್ಕೆ ಸಹಿ ಪಡೆದುಕೊಳ್ಳಲಿ.

ತಮ್ಮ ವಿಶ್ವಾಸಿ,
ಪ್ರೌಢಶಾಲಾ ಸಹ ಶಿಕ್ಷಕಿ,
ರಬಕವಿ-ಬನಹಟ್ಟಿ, ಬಾಗಲಕೋಟೆ ಜಿಲ್ಲೆ